ಅತ್ತೆಯ ಫೋನಿಗೆ ನಾನು ಮಾಡಿದ ಅಪ್‌ಡೇಟು

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಾ ಫೋನ್ ನೋಡಿದರೆ ಪರದೆಯ ಮೇಲೊಂದು ವಿನಂತಿ ಕಾದು ಕುಳಿತಿತ್ತು. ಹೊಸ ಅಪ್‌ಡೇಟ್ ಬಂದಿದೆ, ಈಗಲೇ ಹಾಕಲೇ, ಆಮೇಲೆ ಹಾಕಲೇ ಎಂದು. ನಿಮಗೂ ಬಂದಿರುತ್ತದೆ. ನೀವು ‘ಆಮೇಲೆ’ ಒತ್ತುವವರಾದರೆ ನಿಮ್ಮ ಮೇಲೆ ನನಗೆ ಗೌರವವಿದೆ. ನಾನು ಬಹಳ ಕಾಲ ‘ಈಗಲೇ’ ಪಕ್ಷದವನಾಗಿದ್ದೆ. ಹೊಸ ಫೋನೊಂದು ಮಾರುಕಟ್ಟೆಗೆ ಬಂದರೆ ಅದರ ಕ್ಯಾಮೆರಾ ಹೇಗೆ, ಬ್ಯಾಟರಿ ಹೇಗೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ಪುತ್ತಿಗೆಯಲ್ಲಿ ನಮ್ಮ ಆಸುಪಾಸಿನ ಏಳೆಂಟು ಮನೆಗಳ ಫೋನುಗಳಿಗೆ ನಾನೇ ವೈದ್ಯ. ಪದವಿ ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು.

ನನ್ನ ಈ ವೈದ್ಯಕೀಯಕ್ಕೆ ಪೆಟ್ಟು ಬಿದ್ದದ್ದು ಮೂರು ವರ್ಷಗಳ ಹಿಂದೆ, ನಮ್ಮ ಮನೆಯಲ್ಲೇ.

ಸುನಂದತ್ತೆ ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇದ್ದಾರೆ. ಹಿಂದೆ ಮೂಡುಬಿದಿರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆಗ ದೂರದೂರಿಗೆ ಫೋನ್ ಮಾಡುವುದೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಅತ್ತೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ತೂತುಗಳ ದೊಡ್ಡ ಬೋರ್ಡಿನ ಎದುರು ಕುಳಿತು, ಈ ತೂತಿನಿಂದ ಆ ತೂತಿಗೆ ವಯರ್ ಚುಚ್ಚಿ ಊರಿಗೆ ಊರನ್ನು ಸೇರಿಸುತ್ತಿದ್ದರು. ಮನೆಯಲ್ಲಿ ನಾವು ಮಾತಾಡುವುದು ತುಳು. ಆದರೆ ಫೋನಿನ ವಿಷಯ ಬಂದ ಕೂಡಲೇ ಅತ್ತೆ ಕನ್ನಡಕ್ಕೆ ಬದಲಾಗುತ್ತಾರೆ. ಆಫೀಸಿನ ವಿಷಯವಲ್ಲವೇ?

ಮೊದಲ ಸ್ಮಾರ್ಟ್‌ಫೋನನ್ನು ಅವರ ಕೈಗೆ ಕೊಟ್ಟು, ಕರೆ ಬಂದರೆ ಹೀಗೆ ಬೆರಳಿನಿಂದ ಸರಿಸಬೇಕು ಎಂದು ತೋರಿಸಿದಾಗ ಅವರು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ಕರೆ ತೆಗೆಯಲಿಕ್ಕೆ ಉಜ್ಜಬೇಕಾ? ಇದೇನು ಪಾತ್ರೆಯಾ?” ಅಪ್‌ಡೇಟಿನ ಬಗ್ಗೆ ಅವರ ಅಭಿಪ್ರಾಯ ಇನ್ನೂ ಚಿಕ್ಕದು. “ನಿನ್ನೆ ಸರಿ ಇತ್ತಲ್ಲ ಮಾರಾಯ, ಇವತ್ತು ಪುನಃ ಯಾಕೆ ಸರಿ ಮಾಡುವುದು?”

ಒಂದು ವಿಷಯದಲ್ಲಿ ಮಾತ್ರ ಅತ್ತೆ ಬಗ್ಗುವವರಲ್ಲ. ಫೋನ್ ಮೂರು ಸಲ ಬಡಿಯುವುದರೊಳಗೆ ಎತ್ತಬೇಕು, ಯಾರದ್ದೇ ಇರಲಿ. ಸೈಟು ಮಾರುವವರು, ಇನ್ಶೂರೆನ್ಸಿನವರು, ರಾಂಗ್ ನಂಬರಿನವರು, ಎಲ್ಲರಿಗೂ ಅತ್ತೆಯ ಹತ್ತಿರ ಒಂದೇ ಮರ್ಯಾದೆ. “ಎಲ್ಲಿಂದ ಮಾತಾಡ್ತಾ ಇದ್ದೀರಿ? ಅಲ್ಲಿ ಮಳೆ ಉಂಟಾ?” ಎಂದು ಸುರುವಾದರೆ ಸೈಟು ಮಾರಲು ಬಂದವನು ತನ್ನ ತಾಯಿಯ ಮಂಡಿನೋವಿನ ವಿಷಯ ಹೇಳಿ ಫೋನ್ ಇಡುತ್ತಿದ್ದ.

ಹೀಗೆಯೇ ಒಂದು ದಿನ ಯಾವನೋ ಕರೆ ಮಾಡಿ, “ನಿಮಗೀಗ ಆರು ಅಂಕಿಯ ಒಂದು ಓಟಿಪಿ ಬಂದಿದೆ, ಸ್ವಲ್ಪ ಹೇಳಿ” ಎಂದ. ಅಂಕಿ ಓದುವುದೆಂದರೆ ಅತ್ತೆಗೆ ಹಳೆಯ ಹುರುಪು. ಗಂಟಲು ಸರಿಮಾಡಿಕೊಂಡು, “ಬರೆದುಕೊಳ್ಳಿ, ಎರಡೆರಡಾಗಿ ಹೇಳ್ತೇನೆ” ಎಂದು ಮೊದಲ ಜೋಡಿಯನ್ನು ಹೇಳಿಯೂ ಆಗಿತ್ತು. ನಾನು ಊಟದ ಕೈಯಲ್ಲೇ ಓಡಿಹೋಗಿ ಫೋನ್ ಕಿತ್ತುಕೊಂಡೆ.

ಮರುವಾರ ಒಂದು ಅಪ್‌ಡೇಟ್ ಬಂತು. ಗುರುತಿಲ್ಲದ ನಂಬರುಗಳ ಕರೆ ಬಂದರೆ ಫೋನು ಸದ್ದೇ ಮಾಡುವುದಿಲ್ಲ, ಆ ಕರೆಗಳೆಲ್ಲ ಬೇರೆಯೇ ಒಂದು ಪಟ್ಟಿಯಲ್ಲಿ ಹೋಗಿ ಕೂರುತ್ತವೆ ಎಂದು ಅದರಲ್ಲಿತ್ತು. ನಾನು ಹಿಂದೆ ಮುಂದೆ ನೋಡಲಿಲ್ಲ. ಅತ್ತೆ ಸ್ನಾನಕ್ಕೆ ಹೋದಾಗ ಅವರ ಫೋನಿಗೆ ಅದನ್ನು ಹಾಕಿ, ಆ ಗುಂಡಿ ಒತ್ತಿಯೇ ಬಿಟ್ಟೆ. ಅವರಿಗೆ ಹೇಳಲಿಲ್ಲ. ಹೇಳಿದರೆ ವಾದವಾಗುತ್ತದೆ, ವಾದದಲ್ಲಿ ನಾನು ಸೋಲುತ್ತೇನೆ ಎಂಬುದು ಗೊತ್ತಿತ್ತು.

ಮನೆ ತಣ್ಣಗಾಯಿತು. ಮೊದಮೊದಲು ನನಗೆ ಹೆಮ್ಮೆಯೇ ಆಯಿತು ಅನ್ನಿ. ಎರಡು ವಾರವಾದ ಮೇಲೆ ಒಂದು ಸಂಜೆ ಅತ್ತೆ ನನ್ನ ಫೋನ್ ಕೇಳಿ ಪಡೆದು, ಅದರಿಂದ ತಮ್ಮದಕ್ಕೆ ಕರೆ ಮಾಡಿ ನೋಡಿದರು. ನನ್ನದು ಗುರುತಿನ ನಂಬರಲ್ಲವೇ, ಜೋರಾಗಿ ಬಡಿಯಿತು.

“ಲೈನ್ ಸರಿ ಉಂಟು” ಎಂದರು ಅತ್ತೆ. ಆಮೇಲೆ ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟು, “ಹಾಗಾದರೆ ಜನವೇ ಇಲ್ಲ” ಎಂದರು.

ಆಗಲೇ ಹೇಳಿಬಿಡಬೇಕಿತ್ತು. ನಾನು ಎದ್ದು ನೀರು ಕುಡಿಯಲು ಹೋದೆ.

ಇನ್ನೂ ಒಂದೂವರೆ ತಿಂಗಳು ಕಳೆಯಿತು. ಅತ್ತೆಯ ಫೋನಿನಲ್ಲಿ ಜಾಗ ಭರ್ತಿಯಾಗಿತ್ತು, ಬೇಡದ್ದನ್ನು ಅಳಿಸುತ್ತಾ ಕುಳಿತಿದ್ದವನು ಆ ಪಟ್ಟಿಯನ್ನು ತೆರೆದೆ. ಮೇಲಿನಿಂದ ಕೆಳಗಿನ ತನಕ ನೂರೆಂಟು ನಂಬರುಗಳು. ಅವುಗಳ ನಡುವೆ ಒಂದೇ ನಂಬರು ಮತ್ತೆ ಮತ್ತೆ ಕಂಡಿತು. ಎಣಿಸಿದೆ, ಏಳು ಸಲ. ಎಲ್ಲವೂ ಭಾನುವಾರ, ಹನ್ನೊಂದು ಗಂಟೆಯ ಆಸುಪಾಸು. ಸೈಟು ಮಾರುವವರು ಭಾನುವಾರ ಅಷ್ಟು ಶಿಸ್ತಿನಲ್ಲಿ ಮಾಡುವುದಿಲ್ಲ. ಅಂಗಳಕ್ಕೆ ಹೋಗಿ ನನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿದೆ.

ವಯಸ್ಸಾದ ಹೆಂಗಸಿನ ದನಿ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿ. ನಾನು ಪುತ್ತಿಗೆಯಿಂದ, ಸುನಂದ ಅವರ ತಮ್ಮನ ಮಗ ಎಂದೆ.

“ಹೇಳಿ,” ಎಂದರು ಅವರು. “ಸುನಂದ ಹೋಗಿ ಎಷ್ಟು ದಿನ ಆಯ್ತು?”

“ಎಲ್ಲಿಗೆ ಹೋಗಿ?”

“ಅಲ್ಲ… ಇದ್ದಾಳಾ?”

“ಇದ್ದಾರೆ. ಒಳಗೆ ಬಸಳೆ ಕೊಯ್ದು ತಂದು ಕೂತಿದ್ದಾರೆ.”

“ದೇವರೇ!” ಎಂದು ಆ ಹೆಂಗಸು ನಗತೊಡಗಿದರು, ನಗುತ್ತಲೇ ಅತ್ತರು. ಅವರ ಹೆಸರು ಲಿಲ್ಲಿ. ಅತ್ತೆ ಮೂಡುಬಿದಿರೆಯ ಬೋರ್ಡಿನಲ್ಲಿದ್ದ ವರ್ಷಗಳಲ್ಲಿ ಇವರು ಬಂಟ್ವಾಳದ ಬೋರ್ಡಿನಲ್ಲಿದ್ದರು. ಎಕ್ಸ್‌ಚೇಂಜುಗಳು ಆಟೋಮ್ಯಾಟಿಕ್ ಆದ ಮೇಲೆ ಗಂಡನ ಜೊತೆ ದುಬೈಗೆ ಹೋದವರು, ಈಗ ಮೆಲ್ಕಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಮದುವೆಯೊಂದರಲ್ಲಿ ಸಿಕ್ಕಿದ ಹಳೆಯ ಲೈನ್‌ಮನ್ ಒಬ್ಬರು ಅತ್ತೆಯ ನಂಬರು ಕೊಟ್ಟಿದ್ದರಂತೆ. “ಏಳು ವಾರ ಮಾಡಿದೆ. ಸುನಂದ ಫೋನ್ ಎತ್ತದೆ ಬಿಡುವವಳಲ್ಲ. ಹಾಗಾಗಿ ಇನ್ನು ಇಲ್ಲ ಅಂತ ಗ್ರಹಿಸಿದೆ. ಮೊನ್ನೆ ಇಗರ್ಜಿಯಲ್ಲಿ ಅವಳ ಹೆಸರಿನಲ್ಲಿ ಒಂದು ಮೊಂಬತ್ತಿ ಸಹ ಹಚ್ಚಿ ಬಂದೆ.”

ಫೋನ್ ಇಟ್ಟು ಅಡುಗೆಮನೆಗೆ ನಡೆದ ಆ ಹತ್ತು ಹೆಜ್ಜೆಯಷ್ಟು ಉದ್ದದ ದಾರಿಯನ್ನು ನಾನು ಬೇರೆಲ್ಲೂ ನಡೆದಿಲ್ಲ. ಎಲ್ಲವನ್ನೂ ಹೇಳಿದೆ, ಗುಂಡಿ ಒತ್ತಿದ್ದು, ಮುಚ್ಚಿಟ್ಟದ್ದು, ಏಳು ಭಾನುವಾರ. ಅತ್ತೆ ಬಸಳೆಯ ಎಲೆ ಬಿಡಿಸುವುದನ್ನು ನಿಲ್ಲಿಸಿದರು.

“ನನ್ನ ಬೋರ್ಡನ್ನು ನನಗೆ ಕೇಳದೆ ಮುಟ್ಟಿದೆಯಾ?”

“ನಿಮ್ಮ ಒಳ್ಳೆಯದಕ್ಕೇ ಅತ್ತೆ…”

“ಆ ಓಟಿಪಿಯವನದ್ದು ನನ್ನ ತಪ್ಪು, ಒಪ್ಪಿದೆ. ನನಗೆ ಹೇಳಿಕೊಡಬಹುದಿತ್ತು. ಕಲಿಯುವುದಿಲ್ಲ ಅಂದಿದ್ದೇನಾ?” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕುಳಿತು, “ನಂಬರ್ ಹೇಳು. ಎರಡೆರಡಾಗಿ” ಎಂದರು.

ನಾನು ಹೇಳಿದೆ, ಅವರು ಒತ್ತಿದರು. ಆಚೆ ಎತ್ತಿದ ಕೂಡಲೇ ನಾನು ಎಂದೂ ಕೇಳಿರದ, ಇಪ್ಪತ್ತೈದರ ಹುಡುಗಿಯ ದನಿಯೊಂದು ಅತ್ತೆಯ ಬಾಯಿಂದ ಬಂತು.

“ಬಂಟ್ವಾಳ, ಮೂಡುಬಿದಿರೆ ಮಾತಾಡ್ತಾ ಇರುವುದು.”

“ಹೇಳಿ ಮೂಡುಬಿದಿರೆ,” ಎಂದಿತು ಆಚೆಯ ದನಿ. “ಎಷ್ಟು ಹೊತ್ತು ಕಾಯಿಸುವುದು ಮಾರಾಯ್ತಿ?”

ಆಮೇಲಿನದ್ದು ನನಗೆ ಕೇಳಲಿಲ್ಲ, ನಗುವೇ ಜಾಸ್ತಿ ಇತ್ತು. ಹತ್ತು ವರ್ಷ ದಿನಕ್ಕೆ ನಲ್ವತ್ತು ಸಲ ಮಾತಾಡಿದ ಈ ಇಬ್ಬರು ಒಬ್ಬರನ್ನೊಬ್ಬರು ನೋಡಿರಲೇ ಇಲ್ಲವೆಂದು ನನಗೆ ಗೊತ್ತಾದದ್ದು ಆ ದಿನ. ಒಬ್ಬರಿಗೆ ರಜೆ ಸಿಕ್ಕಿದರೆ ಇನ್ನೊಬ್ಬರಿಗೆ ಡ್ಯೂಟಿ. ಒಳ್ಳೆಯವನಾಗುವ ಆತುರದಲ್ಲಿ ನಾನು ವೀಡಿಯೊ ಕಾಲ್ ಮಾಡಿಕೊಡುತ್ತೇನೆ ಎಂದೆ. “ಮುಖ ನೋಡಲಿಕ್ಕೆ ಬಸ್ಸು ಉಂಟು” ಎಂದರು ಅತ್ತೆ.

ಮುಂದಿನ ವಾರ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು, ಬಿ.ಸಿ.ರೋಡಿನಲ್ಲಿ ಇಳಿದು ಇನ್ನೊಂದನ್ನು ಹತ್ತಿ ಮೆಲ್ಕಾರಿಗೆ ಹೋದೆವು. ಗೊತ್ತು ಮಾಡಿದ್ದ ಹೋಟೆಲಿನಲ್ಲಿ ಅರ್ಧ ಗಂಟೆ ಕಾದರೂ ಲಿಲ್ಲಿಯಮ್ಮ ಬರಲಿಲ್ಲ. ಅತ್ತೆ ಬೇಸರದಿಂದ ಮಾಣಿಯನ್ನು ಕರೆದು, “ಎರಡು ಚಾ ಕೊಡಿ, ಒಂದಕ್ಕೆ ಸಕ್ಕರೆ ಬೇಡ” ಎಂದದ್ದೇ ತಡ, ನಮ್ಮ ಬೆನ್ನ ಹಿಂದಿನ ಮೇಜಿನಲ್ಲಿ ಅಷ್ಟು ಹೊತ್ತೂ ಕುಳಿತಿದ್ದ ಕನ್ನಡಕದ ಹೆಂಗಸೊಬ್ಬರು ಗಕ್ಕನೆ ತಿರುಗಿದರು.

“ಮೂಡುಬಿದಿರೆ! ನೀನು ಇಷ್ಟು ಗಿಡ್ಡವಾ?”

ಈಗ ಓಟಿಪಿಯ ವಿಷಯದಲ್ಲಿ ಅತ್ತೆ ನನಗಿಂತ ಹುಷಾರು, ಕೇಳಿದವನಿಗೇ ಉಪದೇಶ ಮಾಡಿ ಇಡುತ್ತಾರೆ. ನಾನು ಯಾರ ಫೋನನ್ನು ಮುಟ್ಟುವುದಿದ್ದರೂ ಆ ಫೋನಿನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದನ್ನೂ ಓದಿ ಹೇಳಿ, ಒಪ್ಪಿಗೆ ಪಡೆದು ಒತ್ತುತ್ತೇನೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಇವತ್ತು ಭಾನುವಾರ. ನಾನಿದನ್ನು ಬರೆಯುತ್ತಿರುವಾಗ ಒಳಗೆ ಅತ್ತೆಯ ಫೋನು ಸ್ಪೀಕರಿನಲ್ಲಿದೆ. ಇಬ್ಬರೂ ಮಾತಾಡಿ ಮುಗಿಸಿ ಬಹಳ ಹೊತ್ತಾಯಿತು, ಯಾರೂ ಇಡಲಿಲ್ಲ. ಇಲ್ಲಿ ಅತ್ತೆ ಪೇಪರು ಓದುತ್ತಿದ್ದಾರೆ, ಅಲ್ಲಿ ಯಾರೋ ಪಾತ್ರೆ ಜೋಡಿಸುತ್ತಿದ್ದಾರೆ. ಮೆಲ್ಕಾರಿನ ಕುಕ್ಕರೊಂದು ನಮ್ಮ ಮನೆಯಲ್ಲಿ ಮತ್ತೊಂದು ವಿಸಿಲ್ ಹಾಕಿತು. ಅತ್ತೆ ಪೇಪರಿನಿಂದ ತಲೆಯೆತ್ತದೆ ಹೇಳಿದರು:

“ಬಂಟ್ವಾಳ, ನಾಲ್ಕು ಆಯ್ತು. ಗ್ಯಾಸ್ ಆಫ್ ಮಾಡು.”