ಅಂಡಿಗೆ ಎತ್ತಿದ ವೀರ ಹೆಣ್ಣು ನೋಡಲು ಹೋದದ್ದು

ದಾವಣಗೆರೆಯ ಹತ್ತಿ ಮಂಡಿಯಲ್ಲಿ ಗುಮಾಸ್ತನಾಗಿದ್ದಾಗ ನಾನು ಹತ್ತಿ ಅದುಮಿ ತುಂಬಿದ ದೊಡ್ಡ ಅಂಡಿಗೆಯೊಂದನ್ನು ಒಬ್ಬನೇ ಎತ್ತಿದೆ. ನಾಲ್ಕು ಹಮಾಲರು ಬಾಯಿ ಬಿಟ್ಟುಕೊಂಡು ನೋಡಿದರು. ಅಂಡಿಗೆ ಕೆಳಗಿಳಿಯಿತು, ನಾನು ಮಾತ್ರ ನೆಟ್ಟಗಾಗಲಿಲ್ಲ. ಮರುದಿನವೇ ಹರಿಹರದಲ್ಲಿ ಹೆಣ್ಣು ನೋಡುವ ಶಾಸ್ತ್ರ. ಬಾಗಿದ ಸೊಂಟದಲ್ಲೇ ಹಿರಿಯರ ಜೊತೆ ಹೊಗೆಬಂಡಿ ಹತ್ತಿದೆ.

ಹುಡುಗಿಯ ಅಜ್ಜ ಹಳೇ ಗರಡಿ ಪೈಲ್ವಾನರು. ನಾನು ಕಾಲಿಗೆ ಬೀಳುತ್ತಿದ್ದೇನೆಂದು ತಿಳಿದು ಬಾಗಿಲಲ್ಲೇ ತಲೆ ಮುಟ್ಟಿ ಹರಸಿದರು.

"ಸಾಕು, ಏಳಪ್ಪ."

ನಾನು ಏಳಲಿಲ್ಲ. ಇನ್ನೊಮ್ಮೆ ಹರಸಿದರು.

"ಏಳಾಕೆ ಆಗ್ತಿಲ್ರಿ ಅಜ್ಜಾರೆ," ಎಂದೆ.

"ಹಂಗಾದ್ರೆ ಬಚ್ಚಲಿಗೆ ನಡಿ. ಸೊಟ್ಟ ಅಳಿಯ ನಮಗೆ ಬ್ಯಾಡ."

ಹಂಡೆಯ ಸುಡುನೀರು ಒಂದು ತಂಬಿಗೆ, ಬಾವಿಯ ತಣ್ಣೀರು ಒಂದು ತಂಬಿಗೆ. ಗರಡಿಯಲ್ಲಿ ಸೊಂಟ ಹಿಡಿದುಕೊಂಡವರಿಗೆ ಅದೇ ಮದ್ದಂತೆ. ಬಿಸಿನೀರಿಗೆ ನಾನು ಒದರಿದ್ದನ್ನು ಸೀಟಿ ಎಂದುಕೊಂಡು ರೈಲು ಸ್ಟೇಷನ್ ಬಿಟ್ಟಿತು. ತಣ್ಣೀರಿಗೆ ಒದರಿದ್ದು ಕೇಳಿ ವಾಪಸು ಬಂತು. ಗೋಡೆಯಾಚೆ ನೀರು ಸೇದುತ್ತಿದ್ದವಳು ಹುಡುಗಿಯೇ.

"ಇನ್ನೊಂದು ಕೊಡ ತರ್ಲೇನು ಅಜ್ಜ?"

"ತಾರವ್ವ, ಅರ್ಧ ನೆಟ್ಟಗಾಗ್ಯಾನೆ!"

ಕೊನೆಗೂ ಸೊಂಟ ಬಿಟ್ಟುಕೊಂಡಿತು. ಎಷ್ಟು ನೆಟ್ಟಗಾದೆನೆಂದರೆ ತಲೆ ಜಂತಿಗೆ ಬಡಿಯಿತು.

"ಹುಡುಗ ಹೆಂಗವ್ವ?" ಅಜ್ಜ ಬಚ್ಚಲಿನಿಂದಲೇ ಕೂಗಿ ಕೇಳಿದರು.

"ಅಷ್ಟು ಒದರಿದ್ರೂ ಓಡಿ ಹೋಗ್ಲಿಲ್ಲಲ್ಲ, ಗಟ್ಟಿ ಮನುಷ್ಯ. ನನಗೆ ಒಪ್ಪಿಗೆ ಐತೆ."

ನನ್ನ ಪಂಚೆ ಆಗ ಅಜ್ಜನ ಹೆಗಲ ಮೇಲಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಅದನ್ನು ಅವಳಿಗೆ ಹೇಳುವ ಸಂದರ್ಭ ಬಂದಿಲ್ಲ.