ಗೇಟ್ ಮೀಟಿಂಗ್ ಕರೆಯದೆ ಮುರಿದ ಮಾತುಕತೆ

ಹಣ ಹೂಡುವವರು ಎಷ್ಟೇ ಒರಟಾಗಿ ಮಾತಾಡಿದರೂ ನಗುತ್ತಿರಬೇಕು, "ಒಳ್ಳೇ ಪ್ರಶ್ನೆ ಸಾರ್" ಎನ್ನಬೇಕು ಎಂದು ಅಕ್ಷಯಾ ಯೂಟ್ಯೂಬ್ ನೋಡಿ ಕಲಿತಿದ್ದಳು. ಹಾಗಾಗಿ ಶಿವಮೊಗ್ಗದ ಅಕ್ಕಿ ಗಿರಣಿಯ ಷಡಕ್ಷರಪ್ಪನವರು, "ಮದುವೆ ಆಗಿಲ್ವೇನಮ್ಮ ಇನ್ನೂ?" ಎಂದಾಗಲೂ ಬಾಯಿಂದ ಅದೇ ಬಂತು. ಗುಮಾಸ್ತ ಕೆಮ್ಮಿ ನಗು ನುಂಗಿದ.

ಹಳೆಯ ಯಂತ್ರಗಳಿಗೆ ಎಲ್ಲೂ ಸಿಗದ ಬಿಡಿಭಾಗಗಳನ್ನು ಲೇತ್‌ನಲ್ಲಿ ಕಡೆದು ಊರೂರಿಗೆ ಕಳಿಸುವ ಕಂಪನಿ ಅವಳದು. ಕಂಪನಿ ಎಂದರೆ ಭದ್ರಾವತಿಯ ಜನ್ನಾಪುರದಲ್ಲೊಂದು ಶೆಡ್ಡು, ಬಾಡಿಗೆಯ ಎರಡು ಲೇತ್, ಅವನ್ನು ನಡೆಸಲು ಊರಿನ ಕಾರ್ಖಾನೆಯಿಂದ ನಿವೃತ್ತರಾದ ಇಬ್ಬರು ಟರ್ನರ್‌ಗಳು: ಅಪ್ಪ ರಂಗಪ್ಪ, ಅವರ ಸ್ನೇಹಿತ ದೇವರಾಜ್. ಕಾರ್ಡಿನಲ್ಲಿ ಅವಳು 'ಸ್ಥಾಪಕಿ ಮತ್ತು ಸಿಇಒ'. ಶೆಡ್ಡು ಗುಡಿಸುವವಳೂ ಅವಳೇ ಎಂದು ಹಾಕಿಸಲು ಜಾಗ ಸಾಲಲಿಲ್ಲ. ತಿಂಗಳ ಕೊನೆಯೊಳಗೆ ಹದಿನೈದು ಲಕ್ಷ ಸಿಗದಿದ್ದರೆ ಲೇತ್‌ಗಳು ಮಾಲೀಕರಿಗೆ ವಾಪಸ್, ಇಬ್ಬರೂ ಮನೆಗೆ.

ಅವಳು ವಿವರಿಸುತ್ತಿರುವಾಗಲೇ ಷಡಕ್ಷರಪ್ಪನವರು ನಾಲ್ಕು ಫೋನ್ ಮುಗಿಸಿದರು. ಕೊನೆಗೆ, "ಅಲ್ಲ ಮಾರಾಯ್ತಿ, ಮುದುಕರು ಕೈ ನಡುಗಿಸ್ಕೊಂಡು ಏನ್ ಕಡೀತಾರೆ? ನನ್ನೆದುರಿಗೆ ಒಂದ್ಸಲ ಮಾಡಿ ತೋರಿಸ್ಲಿ, ಆಮೇಲೆ ದುಡ್ಡಿನ ಮಾತು" ಎಂದರು.

ಅಕ್ಷಯಾಳಿಗೆ ರೇಗಿಹೋಯಿತು. ಯೂಟ್ಯೂಬ್ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು.

"ನಮ್ಮಪ್ಪಂಗೆ ಇದು ಪರೀಕ್ಷೆ ಕೊಡೋ ವಯಸ್ಸಲ್ಲ ಸಾರ್. ನಿಮ್ಮ ದುಡ್ಡು ನೀವೇ ಇಟ್ಕೊಳ್ಳಿ."

ಬಸ್ಸಿನಲ್ಲಿ ಕೂತು ಆಡಿದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಇನ್ನಷ್ಟು ಖಾರ ಮಾಡಿಕೊಂಡಳು. ಭದ್ರಾವತಿ ಬರುವಷ್ಟರಲ್ಲಿ ಷಡಕ್ಷರಪ್ಪನವರು ಕಾಲಿಗೆ ಬೀಳುವುದೊಂದೇ ಬಾಕಿಯಿತ್ತು.

ಶೆಡ್ಡಿನಲ್ಲಿ ಶಹಬ್ಬಾಸ್‌ಗಿರಿ ಸಿಗುತ್ತದೆಂದುಕೊಂಡಿದ್ದಳು. ನಡೆದದ್ದನ್ನು ಕೇಳಿ ರಂಗಪ್ಪ ಲೇತ್ ನಿಲ್ಲಿಸಿದರು.

"ಮಾತುಕತೆ ಮುರಿದು ಬಂದ್ಯಾ? ಗೇಟ್ ಮೀಟಿಂಗ್ ಕರೆದಿದ್ಯಾ?"

ಕಾರ್ಖಾನೆಯ ಕಾಲದಲ್ಲಿ ಮ್ಯಾನೇಜ್‌ಮೆಂಟ್ ಏನೇ ಅಂದರೂ, ಗೇಟಿನ ಮುಂದೆ ಕಾರ್ಮಿಕರನ್ನು ಸೇರಿಸಿ ಕೇಳದೆ ಯೂನಿಯನ್ ಮುಖಂಡರು ಬೇಡ ಎನ್ನುವಂತಿರಲಿಲ್ಲ.

"ನಿಮಗೆ ಅವಮಾನ ಮಾಡಿದ್ರು ಅಪ್ಪ."

"ನಮಗೆ ತಾನೇ? ಸಿಟ್ಟು ಮಾಡ್ಕೊಳ್ಳೋದನ್ನೂ ನಮಗೇ ಬಿಡು."

ದೇವರಾಜ್ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ ಮೆಲ್ಲಗೆ ಹೇಳಿದರು: "ರಿಟೈರಾಗಿ ಒಂಬತ್ತು ವರ್ಷ ಆಯ್ತು ಮಗಾ. ನಮ್ಮ ಕೈಕೆಲಸ ನೋಡ್ತೀನಿ ಅಂದೋರು ಅವರೊಬ್ಬರೇ. ಅವರನ್ನೂ ಬೇಡ ಅಂದು ಬಂದ್ಯಲ್ಲ."

ಗಿರಣಿಯಲ್ಲಿ ತನಗೆ ಬಂದದ್ದು ಬರೀ ಸಿಟ್ಟಲ್ಲ, ಹೆದರಿಕೆಯೂ ಹೌದು ಎಂದು ಅಕ್ಷಯಾಳಿಗೆ ಈಗ ಹೊಳೆಯಿತು. ಇವರ ಕೈ ಇನ್ನೂ ಸ್ಥಿರವೇ ಎಂದು ಷಡಕ್ಷರಪ್ಪನವರಿಗಿದ್ದ ಅನುಮಾನ ಅವಳಿಗೂ ಇತ್ತು. ಅವರು ಬಾಯಿ ಬಿಟ್ಟು ಕೇಳಿದ್ದರು, ಇವಳು ಮರ್ಯಾದೆಯ ಹೆಸರಿನಲ್ಲಿ ಬಚ್ಚಿಟ್ಟಿದ್ದಳು.

ರಂಗಪ್ಪ ಗೇಟ್ ಮೀಟಿಂಗ್ ಶುರು ಮಾಡಿಯೇಬಿಟ್ಟರು. "ಅವರನ್ನ ಇಲ್ಲಿಗೇ ಕರೆಸ್ಬೇಕು ಅನ್ನೋರು ಕೈ ಎತ್ತಿ."

ಇಬ್ಬರೂ ಕೈ ಎತ್ತಿ ಅವಳತ್ತ ನೋಡಿದರು. ಕಾರ್ಮಿಕರ ಮೀಟಿಂಗಿನಲ್ಲಿ ಸಿಇಒಗೆ ಓಟಿದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಕೈ ಎತ್ತಿದಳು.