ಖಾಲಿ ಹೋದ ಡಬ್ಬಿ

ಪರದೇಶದ ಈ ಬ್ಯಾಲಂಟೈನ್‌ನಲ್ಲಿ ನಮ್ಮ ಪಕ್ಕದ ಮನೆಯವರು ಮೈಸೂರಿನ ಮುಸ್ಲಿಂ ಕುಟುಂಬ. ಆ ಮನೆಯಾಕೆ ನನಗಿಂತ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ರಂಜಾನಿಗೆ ಅವರಿಂದ ಶೀರ್‌ಕುರ್ಮಾ ತುಂಬಿ ಬಂದ ಡಬ್ಬಿ, ನಮ್ಮಿಂದ ಕೋಡುಬಳೆ ತುಂಬಿಕೊಂಡು ಹೋಗುತ್ತಿತ್ತು. ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದೆಂದು ನಾವು ಹೇಳಿಕೊಡಲಿಲ್ಲ. ನನ್ನ ಮಗಳು, ಅಕ್ಕನ ಮಗಳು ಇಬ್ಬರೂ ನೋಡಿಯೇ ಕಲಿತರು. ವಿಡಿಯೋ ಗೇಮಿನ ಪ್ಲಾಸ್ಟಿಕ್ ಡಬ್ಬಿಯೊಂದು ಆ ಮನೆಗೆ ಹೋದರೆ, ಒಳಗೆ ಬೇರೊಂದು ಡಿಸ್ಕ್ ಇಟ್ಟುಕೊಂಡೇ ಬರುತ್ತಿತ್ತು. ಯಾವ ಡಬ್ಬಿಯಲ್ಲಿ ಯಾವ ಆಟವಿದೆಯೆಂದು ಅವರಿಬ್ಬರಿಗೇ ಗೊತ್ತು.

ಕಳೆದ ವರ್ಷ ಅಕ್ಕನ ಮನೆಯವರು ಬೇರೆ ರಾಜ್ಯದ ಜಾನ್ಸ್ ಕ್ರೀಕ್‌ಗೆ ಮನೆ ಬದಲಿಸಿದರು. ನನ್ನ ಮಗಳು ಮಂಕಾದಳು. ತನ್ನ ಹೊಸ ಗೇಮ್ ಗೆಳತಿಯ ಹತ್ತಿರವೂ ಇದ್ದಿದ್ದರೆ ಎಂದು ಒಮ್ಮೆ ಊಟ ಮಾಡುತ್ತಾ ಹೇಳಿದಳು. ನನಗೆ ಅಷ್ಟು ಸಾಕಾಯಿತು. ಅವಳು ಸ್ಕೂಲಿಗೆ ಹೋದಾಗ ಆ ಹೊಸ ಗೇಮಿನ ಡಬ್ಬಿಯ ಜೊತೆ ಒಂದು ಪೊಟ್ಟಣ ಚಕ್ಕುಲಿ ಇಟ್ಟು ಪಾರ್ಸೆಲ್ ಮಾಡಿದೆ. ನಮ್ಮವಳಿಗೆ ಇನ್ನೊಂದು ತಂದರಾಯಿತು ಎಂದುಕೊಂಡೆ. ಏನೋ ಘನಕಾರ್ಯ ಮಾಡಿದ ಹೆಮ್ಮೆ ಬೇರೆ.

ಅಕ್ಕನ ಫೋನ್ ಬಂತು. ಚಕ್ಕುಲಿಯನ್ನು ಹೊಗಳಿ ಮುಗಿಸಿದ ಮೇಲೆ ತಡವರಿಸುತ್ತಾ ಹೇಳಿದರು: "ತಪ್ಪು ತಿಳ್ಕೋಬೇಡಮ್ಮ, ಡಬ್ಬಿ ಖಾಲಿ ಇತ್ತು. ಒಂದು ಪೇಪರ್ ಇದೆ ಅಷ್ಟೇ. ಡಿಸ್ಕ್ ನಿಮ್ಮಲ್ಲೇ ಉಳೀತೇನೋ ನೋಡು."

ಮುಖ ಎಲ್ಲಿಟ್ಟುಕೊಳ್ಳಲಿ? ಮಗಳು ಬಂದ ಕೂಡಲೇ ಡಿಸ್ಕ್ ಎಲ್ಲಿ ಬಿಸಾಡಿದ್ದೀಯ ಎಂದು ರೇಗಿದೆ.

"ಅಮ್ಮಾ, ಡಿಸ್ಕ್ ಇರ್ಲೇ ಇಲ್ಲ," ಎಂದಳು. "ಆ ಪೇಪರಲ್ಲಿ ಜಸ್ಟ್ ಅ ಕೋಡ್. ಅದನ್ನ ಟೈಪ್ ಮಾಡಿದ್ರೆ ಗೇಮ್ ಡೌನ್‌ಲೋಡ್ ಆಗುತ್ತೆ, ಒಂದೇ ಸಲ. ನಾನು ಆಲ್ರೆಡಿ ಯೂಸ್ ಮಾಡಿದೆ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಬ್ಯಾಂಕಿನ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವಳು ನಾನು! ಏನೂ ಇಲ್ಲದಿದ್ದರೆ ಡಬ್ಬಿ ಯಾಕೆ ಮಾರಿದರು? ನಮ್ಮದೇ ಆದ ವಸ್ತುವನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ ಎಂದರೆ ಅದು ನಮ್ಮದು ಹೇಗಾಯಿತು? ಮಗಳಿಗೆ ಇವು ಪ್ರಶ್ನೆಗಳೆಂದೇ ಅನ್ನಿಸಲಿಲ್ಲ. ಅವಳ ಕಣ್ಣು ತುಂಬಿದ್ದು ಗೆಳತಿಗೆ ಖಾಲಿ ಡಬ್ಬಿ ಹೋಯಿತಲ್ಲ ಎಂದು.

ಕೆಲವು ದಿನ ಕಳೆದು ಅದೇ ಡಬ್ಬಿ ಮರಳಿ ಬಂತು. ಒಳಗೆ ಡಿಸ್ಕ್ ಇತ್ತು. ಇಬ್ಬರೂ ಬೇಸಿಗೆ ರಜೆಯೆಲ್ಲ ಆಡುತ್ತಿದ್ದ ಹಳೆಯ ಆಟ, ಮೈಮೇಲೆಲ್ಲ ಗೀರು. ನನಗೆ ಎಷ್ಟು ಖುಷಿಯಾಯಿತೆಂದರೆ, ಹಾಕೋಣ ಬಾ ಎಂದು ನಾನೇ ಟಿವಿ ಮುಂದೆ ಕೂತೆ. ಗೇಮಿನ ಮೆಷಿನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಹಳೆಯದು ಕೆಟ್ಟಾಗ ಚಿಕ್ಕದಾಗಿ ಚೆನ್ನಾಗಿದೆಯೆಂದು ನಾನೇ ಆರಿಸಿ ತಂದದ್ದು. ಡಿಸ್ಕ್ ಹಾಕುವ ಜಾಗವೇ ಅದರಲ್ಲಿರಲಿಲ್ಲ.

ಮಗಳಿಗೆ ಮೊದಲೇ ಗೊತ್ತಿತ್ತು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅಮ್ಮಾ, ಖಾಲಿ ಕಳಿಸ್ಬಾರ್ದು ಅಲ್ವಾ? ನನ್ನ ಗೇಮ್ಸ್‌ಗೆ ಈಗ ಡಿಸ್ಕೇ ಇಲ್ಲ. ನಾನು ಏನ್ ಹಾಕ್ಲಿ?"

ಅಡುಗೆಮನೆಯ ಡಬ್ಬಿಯಾಗಿದ್ದರೆ ಥಟ್ಟನೆ ಹೇಳುತ್ತಿದ್ದೆ. ಈ ಗೇಮಿನ ಡಬ್ಬಿ ಇನ್ನೂ ನಮ್ಮ ಮನೆಯಲ್ಲೇ ಇದೆ.